ದೂರದ ಹೊಲ ಕಣ್ಣಿಗೆ ನುಣ್ಣಗೆ

ಕುರಿ ಸಾಕಲು ಹೊಲ ಹುಡುಕಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಹೊರಡುವ ಮೊದಲು ಮನೆಯೊಡತಿ ಕೇಳಬೇಕಾದ ಮಾತುಗಳು

ಈಚೆಗೆ ಅನೇಕ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಏಳುತ್ತದೆ. "ಎಲ್ಲಾದರೂ ಐದೆಕರೆ ಹೊಲ ತಗೊಂಡು ನೂರು ಕುರಿ ಬಿಟ್ಟರೆ ಹೇಗೆ?" ಮಾತು ತೆಗೆಯುವವರು ನಿವೃತ್ತಿಗೆ ಎರಡು ವರ್ಷ ಉಳಿದಿರುವ ಯಜಮಾನರಿರಬಹುದು. ಪಟ್ಟಣದ ಕೆಲಸ ಬೇಸರವಾಗಿ ಬಂದ ಮಗನಿರಬಹುದು. ಪಿತ್ರಾರ್ಜಿತದಲ್ಲಿ ಅಂಗೈಯಗಲ ಪಾಲು ಬಂದ ಮೈದುನನೂ ಇರಬಹುದು. ಮೊಬೈಲಿನಲ್ಲಿ ದಲ್ಲಾಳಿ ಕಳಿಸಿದ ಹಸಿರು ಹೊಲದ ಚಿತ್ರ ಸಿದ್ಧವಾಗಿರುತ್ತದೆ. "ನಮ್ಮ ಕಡೆ ಒಂದೆಕರೆಗೆ ಕೊಡೋ ದುಡ್ಡಿಗೆ ಅಲ್ಲಿ ಮೂರೆಕರೆ ಬರುತ್ತೆ ಕಣೇ!" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಸುತ್ತಿ ಬಳಸಿ ನಿಮ್ಮ ಕೊರಳಿನ ಕಡೆಗೆ, ಕೈಬಳೆಯ ಕಡೆಗೆ ತಿರುಗುತ್ತದೆ.

ಇಂಥ ಹೊತ್ತಿನಲ್ಲಿ "ನಮಗೇನು ಗೊತ್ತಾಗುತ್ತೆ, ಗಂಡಸರ ವ್ಯವಹಾರ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಸೋದರಿಯರೇ, ಈ ಒಂದು ವಿಷಯದಲ್ಲಿ ಹಾಗೆ ಮಾಡಬೇಡಿ. ಕುರಿ ಸಾಕುವುದೆಂದರೆ ದಿನಾ ಎಷ್ಟು ಜನಕ್ಕೆ ಉಣ್ಣಲಿಕ್ಕೆ ಬೇಕು, ಎಷ್ಟು ಕೊಡ ನೀರು ಬೇಕು, ಹೆತ್ತ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಲೆಕ್ಕ. ಆ ಲೆಕ್ಕದಲ್ಲಿ ನಿಮ್ಮಷ್ಟು ಪಳಗಿದವರು ಮನೆಯಲ್ಲಿ ಬೇರೆ ಯಾರಿದ್ದಾರೆ?

ಅಲ್ಲಿನವರೇ ಮೇವು ಹುಡುಕಿ ಹೊರಡುತ್ತಾರೆ

ಮೊದಲು ಆ ಸೀಮೆಯ ಪರಿಚಯ ಮಾಡಿಕೊಳ್ಳೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಈ ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿ ಸಿಗುತ್ತದೆ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ದಾರಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಹಡಗಲಿ ಎಂದರೆ ನಿಮಗೆ ಮಲ್ಲಿಗೆ ನೆನಪಾಗುತ್ತದೆ. ಕೊಟ್ಟೂರೆಂದರೆ ಗುರು ಕೊಟ್ಟೂರೇಶ್ವರರ ತೇರು.

ಬೆಂಗಳೂರಿನಿಂದ ಕೂಡ್ಲಿಗಿಗೆ ಮುನ್ನೂರು ಕಿಲೋಮೀಟರಿಗೆ ಕೊಂಚ ಕಡಿಮೆ. ಬೆಳಿಗ್ಗೆ ಹೊರಟು ಹೊಲ ನೋಡಿಕೊಂಡು ರಾತ್ರಿ ಮನೆ ಸೇರಬಹುದು ಎಂಬ ಕಾರಣಕ್ಕೇ ಎಷ್ಟೋ ಜನ ಈ ಕಡೆ ಕಣ್ಣು ಹಾಕುತ್ತಾರೆ.

ಇದು ಮಳೆ ಕಡಿಮೆ ಇರುವ ನಾಡು. ಹಡಗಲಿ, ಹರಪನಹಳ್ಳಿಯ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಗರಿಬೊಮ್ಮನಹಳ್ಳಿಯ ಒಂದು ಬದಿಗೆ ತುಂಗಭದ್ರಾ ಜಲಾಶಯದ ಹಿನ್ನೀರು ಇದೆ. ಹೊಳೆಯಿಂದ ದೂರ ಸರಿದಂತೆಲ್ಲ ಮಳೆಯನ್ನೇ ನಂಬಿದ ಹೊಲ. ಕೂಡ್ಲಿಗಿ ಕಡೆ ಕೆಂಪು ನೆಲ, ಕಲ್ಲುಗುಡ್ಡ, ಕುರುಚಲು ಕಾಡು. ಶೇಂಗಾ, ಜೋಳ, ಮೆಕ್ಕೆಜೋಳ ಇಲ್ಲಿನ ಬೆಳೆಗಳು. ಬಳ್ಳಾರಿ ಕುರಿ ಎಂದು ಹೆಸರಾದ ತಳಿ ಈ ಸೀಮೆಯದೇ. ಉರಿಬಿಸಿಲಿಗೂ, ಒಣಮೇವಿಗೂ, ದೂರದ ನಡಿಗೆಗೂ ಒಗ್ಗಿದ ಗಟ್ಟಿ ಕುರಿ ಅದು. ಅದರ ಒರಟು ಉಣ್ಣೆಯಿಂದ ಕಂಬಳಿ ನೇಯುತ್ತಾರೆ.

ಇನ್ನೊಂದು ಸಂಗತಿ ಕೇಳಿ. ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದ ಈ ಸೀಮೆಯ ಕುರಿಗಾರರು ವರ್ಷವಿಡೀ ತಮ್ಮ ಊರಲ್ಲೇ ಕೂತು ಕುರಿ ಸಾಕುವುದಿಲ್ಲ. ಸುಗ್ಗಿ ಮುಗಿದು ಬಿಸಿಲು ಏರುತ್ತಿದ್ದ ಹಾಗೆ ಅವರಲ್ಲಿ ಅನೇಕರು ಮಂದೆ ಹೊಡೆದುಕೊಂಡು ಕಾಲುವೆ ಸೀಮೆಯ ಕಡೆ ಹೊರಡುತ್ತಾರೆ. ತುಂಗಭದ್ರಾ ಕಾಲುವೆಯ ಗದ್ದೆಬಯಲು, ಭದ್ರಾ ಕಾಲುವೆಯ ಗದ್ದೆಬಯಲು, ಹಿನ್ನೀರು ಇಳಿದ ಮೇಲೆ ಚಿಗುರುವ ಹುಲ್ಲುಗಾವಲು ಅವರ ಬೇಸಿಗೆಯ ಠಾವು. ಹೆಂಡತಿ ಮಕ್ಕಳು, ಅಡುಗೆ ಪಾತ್ರೆ, ಎಳೆಮರಿಗಳು ಎಲ್ಲವೂ ಜೊತೆಗೇ. ಮಳೆ ಬಿದ್ದು ಊರ ಕಡೆ ಹುಲ್ಲು ಮೂಡಿದ ಮೇಲೆ ವಾಪಸು.

ರಾತ್ರಿ ಮಂದೆಯನ್ನು ಯಾರದಾದರೂ ಹೊಲದಲ್ಲಿ ನಿಲ್ಲಿಸುತ್ತಾರೆ. ಇದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಹಿಕ್ಕೆ, ಗಂಜಲ ಬಿದ್ದು ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ. ಹೊಲದವರು ಅದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ. ನೋಡಿ, ಒಂದು ಗುಂಟೆ ಕೊಳ್ಳದೆ, ಹುಲ್ಲಿಗೆ ಹಣ ತೆರುವ ಬದಲು ಗೊಬ್ಬರಕ್ಕೆ ತಾವೇ ಹಣ ಎಣಿಸಿಕೊಂಡು, ನೂರಾರು ಕುರಿ ಸಾಕುವ ಜಾಣತನ ಇದು!

ಇದೇ ತಾಲ್ಲೂಕುಗಳ ತಾಂಡಾಗಳಿಂದ, ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಗುಳೆ ಹೋಗುವವರೂ ಇದ್ದಾರೆ. ಅಂದರೆ ಕುರಿ ಮೇವು ಹುಡುಕಿ ಅಲ್ಲಿಂದ ಹೊರಡುತ್ತದೆ, ಮನುಷ್ಯರು ಕೂಲಿ ಹುಡುಕಿ ಹೊರಡುತ್ತಾರೆ. ನಾವು ಕುರಿ ಸಾಕಲು ದೂರದಿಂದ ಅಲ್ಲಿಗೇ ಹೊಲ ಹುಡುಕಿ ಹೋಗುತ್ತೇವೆ. ಹೋಗಬಾರದೆಂದಲ್ಲ. ಅಲ್ಲಿ ಚೆನ್ನಾಗಿ ಕುರಿ ಸಾಕಿ ಬದುಕುವವರು ಬೇಕಾದಷ್ಟಿದ್ದಾರೆ. ಆದರೆ ಎಕರೆಯ ಬೆಲೆ ಅಗ್ಗವಾಗಿರುವುದಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣ ಬಹುಪಾಲು ನೀರು.

ಅಡುಗೆಮನೆಯ ಲೆಕ್ಕ

ಒಂದು ಕಾಗದ, ಪೆನ್ಸಿಲು ತನ್ನಿ. ನೂರು ಕುರಿ ಎಂದುಕೊಳ್ಳೋಣ.

ಕಟ್ಟಿ ಮೇಯಿಸುವ ಒಂದು ದೊಡ್ಡ ಕುರಿಗೆ ದಿನಕ್ಕೆ ಸುಮಾರು 4 ಕಿಲೋ ಹಸಿಮೇವು ಬೇಕು. ಅದರ ಮೇಲೆ ಶೇಂಗಾ ಹೊಟ್ಟು, ಜೋಳದ ಸೊಪ್ಪೆಯಂಥ ಒಣಮೇವು. ನೂರು ಕುರಿಗೆ ದಿನಕ್ಕೆ 400 ಕಿಲೋ, ವರ್ಷಕ್ಕೆ ಹತ್ತಿರ ಹತ್ತಿರ 146 ಟನ್ ಹಸಿಮೇವು. ವರ್ಷವಿಡೀ ನೀರಿದ್ದರೆ, ಗೊಬ್ಬರ ಹಾಕಿ ಚೆನ್ನಾಗಿ ನೋಡಿಕೊಂಡರೆ, ನೇಪಿಯರ್ ಜಾತಿಯ ಹುಲ್ಲನ್ನು ಎರಡೆಕರೆಯಲ್ಲಿ ಬೆಳೆದು ಇಷ್ಟನ್ನು ಪೂರೈಸಬಹುದು. ನೀರಿಲ್ಲದಿದ್ದರೆ? ಹತ್ತೆಕರೆ ಬೆದ್ದಲಿದ್ದರೂ ಬೇಸಿಗೆಯ ನಾಲ್ಕು ತಿಂಗಳು ಮೇವು ಕೊಂಡು ತರಬೇಕಾಗುತ್ತದೆ. ನೀರಿರುವ ಎರಡೆಕರೆ, ನೀರಿಲ್ಲದ ಹತ್ತೆಕರೆಗಿಂತ ದೊಡ್ಡದು ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿ.

ಕುಡಿಯಲು ಒಂದು ಕುರಿಗೆ ದಿನಕ್ಕೆ 5 ಲೀಟರ್ ಎಂದರೂ ನೂರಕ್ಕೆ 500 ಲೀಟರ್. ನಮ್ಮ ಹದಿನೈದು ಲೀಟರಿನ ಕೊಡದಲ್ಲಿ ಮೂವತ್ತಮೂರು ಕೊಡ! ಕರೆಂಟು ಹೋಗಿ ಎರಡು ದಿನ ಮೋಟಾರು ಓಡದಿದ್ದರೆ ಈ ಮೂವತ್ತಮೂರು ಕೊಡ ಎಲ್ಲಿಂದ ಬರುತ್ತದೆ? ಇದನ್ನು ಮೊದಲು ಕೇಳಿ.

ಜಾಗದ ಲೆಕ್ಕ ಅಷ್ಟು ಕಷ್ಟವಲ್ಲ. ಒಂದು ಕುರಿಗೆ ಮೇಲ್ಛಾವಣಿಯ ಕೆಳಗೆ ಸುಮಾರು 10 ಚದರಡಿ. ನೂರಕ್ಕೆ 1000 ಚದರಡಿ, ಅದರ ಎರಡರಷ್ಟು ಬೇಲಿ ಕಟ್ಟಿದ ಬಯಲು. ಇಪ್ಪತ್ತೈದು ಹೆಣ್ಣು ಕುರಿಗೆ ಒಂದು ಟಗರು ಸಾಕು.

ಇನ್ನು ಆದಾಯ. ಕುರಿಯ ಗಬ್ಬದ ಅವಧಿ ಐದು ತಿಂಗಳು. ಬಳ್ಳಾರಿ ಕುರಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಅವಳಿ ಅಪರೂಪ. ನೀವು ಹೆಣ್ಣುಮರಿಗಳನ್ನು ತಂದು ಬೆಳೆಸಿದರೆ ಅವು ಬೆಳೆದು, ಗಬ್ಬವಾಗಿ, ಈದು, ಆ ಮರಿ ಮಾರಾಟಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎರಡು ವರ್ಷ. ಆ ಎರಡು ವರ್ಷ ಕುರಿಗೂ, ಕಾಯುವವನಿಗೂ, ನಿಮ್ಮ ಮನೆಗೂ ಅನ್ನ ಎಲ್ಲಿಂದ? ಬೇಗ ಹಣ ನೋಡಬೇಕೆನ್ನುವವರು ಮೂರು ತಿಂಗಳ ಗಂಡುಮರಿ ತಂದು ಐದಾರು ತಿಂಗಳು ಕೊಬ್ಬಿಸಿ ಬಕ್ರೀದಿಗೆ ಮಾರುತ್ತಾರೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಹಾಗಾಗಿ ಮರಿ ತರುವ ತಿಂಗಳನ್ನು ಕ್ಯಾಲೆಂಡರ್ ನೋಡಿಯೇ ಗೊತ್ತು ಮಾಡಬೇಕು.

"ಸರ್ಕಾರ ಅರ್ಧ ದುಡ್ಡು ಕೊಡುತ್ತೆ" ಎಂದು ದಲ್ಲಾಳಿ ಹೇಳುವುದುಂಟು. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ನೂರು ಹೆಣ್ಣು, ಐದು ಗಂಡು ಕುರಿಯ ಘಟಕಕ್ಕೆ ಬಂಡವಾಳದ ಅರ್ಧದವರೆಗೆ, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದುಂಟು. ಆದರೆ ಮಂಜೂರಾತಿಗೆ ಯೋಜನಾ ವರದಿ, ಬ್ಯಾಂಕು, ತಪಾಸಣೆ ಎಲ್ಲ ದಾಟಬೇಕು. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಪಶುಪಾಲನಾ ಇಲಾಖೆಯಲ್ಲೇ ಕೇಳಿ. ಬರಬಹುದಾದ ಸಹಾಯಧನವನ್ನು ನಂಬಿ ಹೊಲ ಕೊಳ್ಳುವುದು, ಹುಟ್ಟದ ಮಗುವಿಗೆ ಕುಲಾವಿ ಹೊಲಿಸಿದ ಹಾಗೆ.

ದೀಪಾವಳಿಗೆ ನೋಡಿದ ಹೊಲ, ಯುಗಾದಿಗೆ ಮತ್ತೆ ನೋಡಿ

ನಾವು ಸೊಸೆ ತರುವಾಗ ಒಂದೇ ಸಲ ನೋಡಿ, ಉಪ್ಪಿಟ್ಟು ತಿಂದು, ತಾಂಬೂಲ ಬದಲಾಯಿಸುತ್ತೇವೆಯೇ? ನೆರೆಯವರನ್ನು ಕೇಳುತ್ತೇವೆ, ನೆಂಟರನ್ನು ವಿಚಾರಿಸುತ್ತೇವೆ, ಯಾವುದೋ ನೆಪ ಮಾಡಿಕೊಂಡು ಇನ್ನೊಮ್ಮೆ ಹೋಗಿ ಬರುತ್ತೇವೆ. ಹೊಲಕ್ಕೂ ಅದೇ ಕ್ರಮ.

ಸೆಪ್ಟೆಂಬರ್, ಅಕ್ಟೋಬರಿನ ಮಳೆ ಮುಗಿದ ಮೇಲೆ ಈ ಐದು ತಾಲ್ಲೂಕುಗಳೂ ಮದುವಣಗಿತ್ತಿಯ ಹಾಗೆ ಕಾಣುತ್ತವೆ. ಕೆರೆಯಲ್ಲಿ ನೀರು, ಬದುವಿನ ಮೇಲೆ ಹುಲ್ಲು. ದಲ್ಲಾಳಿಯ ಚಿತ್ರಗಳೆಲ್ಲ ಆ ಕಾಲದವು. ಆಗ ಮೆಚ್ಚಿದ ಹೊಲವನ್ನು ಯುಗಾದಿ ಕಳೆದ ಮೇಲೆ, ಮಟಮಟ ಮಧ್ಯಾಹ್ನ, ಮುಂಚೆ ಹೇಳಿಕಳಿಸದೆ ಹೋಗಿ ನೋಡಿ. ಕೊಳವೆಬಾವಿಯ ಮೋಟಾರು ಹಾಕಿಸಿ. ಹತ್ತು ನಿಮಿಷ ಅಲ್ಲ, ಎರಡು ತಾಸು ಓಡಲಿ. ನೀರು ಮೊದಲಿನಷ್ಟೇ ಬೀಳುತ್ತಿದೆಯೋ, ಕೆಮ್ಮುತ್ತಾ ನಿಲ್ಲುತ್ತದೆಯೋ, ಅಲ್ಲೇ ಗೊತ್ತಾಗುತ್ತದೆ. ಒಂದು ಬಾಟಲಿಯಲ್ಲಿ ಆ ನೀರನ್ನು ತಂದು ಪರೀಕ್ಷೆಗೆ ಕೊಡಿ. ಈ ಭಾಗದ ಕೆಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುರಿ ಕುಡಿಯುವ ನೀರನ್ನೇ ಕಾಯುವವನ ಮಕ್ಕಳೂ ಕುಡಿಯಬೇಕಲ್ಲ.

"ಕೆರೆಗೆ ಹೊಳೆ ನೀರು ಬರುತ್ತೆ" ಎನ್ನುವ ಮಾತೂ ಕೇಳುತ್ತೀರಿ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನೀರು ತುಂಬಿಸುವ ಯೋಜನೆ ಇರುವುದು ನಿಜ. ಆದರೆ ನೀವು ನೋಡುತ್ತಿರುವ ಹೊಲದ ಪಕ್ಕದ ಕೆರೆ ಆ ಪಟ್ಟಿಯಲ್ಲಿದೆಯೇ? ಕಳೆದ ಬೇಸಿಗೆಯಲ್ಲಿ ಅದರಲ್ಲಿ ನೀರಿತ್ತೇ? ಇದನ್ನು ಮಾರುವವರನ್ನು ಕೇಳಬೇಡಿ. ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿ. ಗಂಡಸರು ಊರ ಹೋಟೆಲಿನಲ್ಲಿ ಚಹಾ ಕುಡಿದು ಹೊಲದ ರೇಟು ತಿಳಿದುಕೊಂಡು ಬರುತ್ತಾರೆ. ನೀವು ಓಣಿಯಲ್ಲಿ ಹತ್ತು ನಿಮಿಷ ನಿಂತರೆ ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು, ಆ ಹೊಲದ ಬಾವಿ ಯಾವ ವರ್ಷ ಬತ್ತಿತ್ತು, ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಏನು, ಎಲ್ಲ ತಿಳಿಯುತ್ತದೆ. ಹಾಗಾಗಿ ಹೊಲ ನೋಡಲು ಹೋಗುವ ಗಾಡಿಯಲ್ಲಿ ನೀವೂ ಕೂತುಕೊಳ್ಳಿ. ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲಬೇಡಿ.

ದಾರಿ ನೋಡಿ. ಬೇರೆಯವರ ಹೊಲದ ಮೇಲೆ ಹಾದುಹೋಗುವ ದಾರಿಯಾದರೆ, ಇವತ್ತು ಬಿಟ್ಟವರು ನಾಳೆ ಮುಳ್ಳು ಹಾಕಬಹುದು. ನಕ್ಷೆಯಲ್ಲಿ ಬಂಡಿದಾರಿ ಇದೆಯೇ ಎಂದು ವಿಚಾರಿಸಿ.

ರಾತ್ರಿಯ ಮಾತೂ ಕೇಳಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ; ಗುಡ್ಡದ ಸಾಲಿನಲ್ಲಿ ಚಿರತೆಯ ಓಡಾಟವೂ ಉಂಟು. ಕುರಿಗೆ ಕಾಡುಮೃಗಕ್ಕಿಂತ ಒಂದು ಕೈ ಮೇಲೆ ಊರ ನಾಯಿಗಳ ಕಾಟ, ಅದಕ್ಕೂ ಮೇಲೆ ಕಳ್ಳರ ಕಾಟ. ರಾತ್ರಿ ರೊಪ್ಪದ ಪಕ್ಕ ಮಲಗುವ ನಂಬಿಕಸ್ಥ ಮನುಷ್ಯ ಯಾರು? "ಆಳು ಇಟ್ಟರಾಯಿತು" ಎಂದರೆ, ಆಳು ಮಾಡಿದ್ದು ಹಾಳು ಎಂಬ ಗಾದೆ ನೆನಪಿಸಿ. ಆಳು ಊರ ಹಬ್ಬಕ್ಕೆ ಹೋದ ದಿನ ಮುನ್ನೂರು ಕಿಲೋಮೀಟರು ದೂರದಿಂದ ಯಾರು ಓಡಿ ಬರುತ್ತಾರೆ? ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬರುವವರೆಗೆ ಮುಂದಕ್ಕೆ ಹೋಗಬೇಡಿ.

ಪಶು ಆಸ್ಪತ್ರೆ ಎಷ್ಟು ದೂರ ಎಂದೂ ನೋಡಿಕೊಳ್ಳಿ. ಕರುಳುಬೇನೆ, ಹಿರೇಬೇನೆ, ಸಿಡುಬು, ನೀಲಿನಾಲಿಗೆ, ಇವೆಲ್ಲ ಮಂದೆಯನ್ನೇ ಮಲಗಿಸುವ ರೋಗಗಳು. ಕರುಳುಬೇನೆಗೆ ಮುಂಗಾರಿನ ಚಿಗುರು ಹುಲ್ಲು ಬರುವ ಮೊದಲೇ ಲಸಿಕೆ ಹಾಕಿಸಬೇಕು. 1962 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ 'ಅನುಗ್ರಹ' ಯೋಜನೆಯ ನಿಯಮಗಳನ್ನೂ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ಕಾಗದ ಪತ್ರ: ಓದಲು ಬೇಸರ, ಓದದಿದ್ದರೆ ಸಂಕಟ

ಹಿಂದೆ ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ 1961ರ ಭೂ ಸುಧಾರಣಾ ಕಾಯ್ದೆ ಅಡ್ಡಿ ಮಾಡುತ್ತಿತ್ತು. 2020ರ ತಿದ್ದುಪಡಿಯಲ್ಲಿ ಆ 79ಎ, 79ಬಿ ಕಲಮುಗಳನ್ನು ತೆಗೆದರು. ಅಂದಿನಿಂದ ಪಟ್ಟಣದವರ ಹುಡುಕಾಟ ಜೋರಾಗಿದೆ. ಕೊಳ್ಳುವುದು ಸುಲಭವಾಗಿದೆ ಎಂದಮಾತ್ರಕ್ಕೆ ಎಲ್ಲ ಹೊಲವೂ ಕೊಳ್ಳತಕ್ಕದ್ದು ಎಂದಲ್ಲ.

ಮೊದಲು ಪಹಣಿ. ಇದನ್ನು 'ಭೂಮಿ' ವ್ಯವಸ್ಥೆಯಲ್ಲಿ ಕೂತಲ್ಲೇ ನೋಡಬಹುದು. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ, ಋಣ. ಮಾರುವವರು ಬೇರೆ, 9ನೇ ಕಲಮಿನ ಹೆಸರು ಬೇರೆ ಆಗಿದ್ದರೆ ಅಲ್ಲೇ ನಿಲ್ಲಿ. ಆಮೇಲೆ ಹಿಂದಿನ ಮ್ಯುಟೇಶನ್‌ಗಳು, ಮೂವತ್ತು ವರ್ಷದ ಋಣಭಾರ ಪತ್ರ. ಒಂದು ಸರ್ವೆ ನಂಬರಿನಲ್ಲಿ ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಮೊಬೈಲಿನಲ್ಲಿ 'ದಿಶಾಂಕ್' ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ನೀವು ನಿಂತ ಸರ್ವೆ ನಂಬರು ತೋರಿಸುತ್ತದೆ. ತೋರಿಸಿದ ಹೊಲ ಒಂದು, ಬರೆದುಕೊಟ್ಟ ಹೊಲ ಇನ್ನೊಂದು ಆಗದಿರಲು ಇದೊಂದು ಸುಲಭ ಉಪಾಯ. ಕೊನೆಗೆ ಸರ್ವೆಯರಿಂದ ಹದ್ದುಬಸ್ತು ಮಾಡಿಸಿಯೇ ಹಣ ಕೊಡಿ.

ಈ ಐದು ತಾಲ್ಲೂಕುಗಳಿಗೇ ಸೇರಿದ ಒಂದು ತೊಡಕು ಇದೆ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಿಂದ ವಿಜಯನಗರ ಜಿಲ್ಲೆ. ತವರು, ಅತ್ತೆಮನೆ, ಮತ್ತೆ ತವರು, ಆಮೇಲೆ ಹೊಸ ಮನೆ ಎಂದ ಹಾಗಾಯಿತು! ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಹಾಗಾಗಿ ಒಂದೇ ಹೊಲದ ಹಳೆಯ ಪತ್ರಗಳಲ್ಲಿ ಬೇರೆ ಬೇರೆ ಜಿಲ್ಲೆ, ಬೇರೆ ತಾಲ್ಲೂಕಿನ ಹೆಸರು ಕಂಡರೆ ಗಾಬರಿಯಾಗಬೇಡಿ. ಆದರೆ ಹಳೆಯ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ವಕೀಲರ ಮೂಲಕ ಹುಡುಕಿಸಿ, ಎಲ್ಲ ಕಾಲದ ಋಣಭಾರ ಪತ್ರವನ್ನೂ ತೆಗೆಸಿ. ನಡುವಿನ ಇಪ್ಪತ್ತು ವರ್ಷ ಬಿಟ್ಟುಹೋದರೆ ಸಾಲವೂ ಅಲ್ಲೇ ಅಡಗಿರಬಹುದು.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇನ್ನೂ ಎಚ್ಚರ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯವೇ ಊರ್ಜಿತವಲ್ಲ. ಜಮೀನು ಮೂಲ ಮಂಜೂರುದಾರರಿಗೆ ಹಿಂದಿರುಗುತ್ತದೆ. ಅವರು ಇಂತಿಷ್ಟು ವರ್ಷದೊಳಗೆ ಕೇಳಬೇಕೆಂಬ ಗಡುವೂ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವರ ಕೈಯಲ್ಲಿ ಭೂಮಿ ಉಳಿಯಲೆಂದು ಮಾಡಿದ ಕಾಯ್ದೆ ಇದು. ಅದನ್ನು ನುಸುಳುವ ದಾರಿ ಹೇಳಿಕೊಡುವ ದಲ್ಲಾಳಿಯನ್ನು ಮನೆ ಮೆಟ್ಟಿಲು ಹತ್ತಿಸಬೇಡಿ.

ಗೋಮಾಳದ ಆಸೆ ತೋರಿಸುವವರೂ ಇದ್ದಾರೆ. "ಪಕ್ಕದಲ್ಲೇ ಗೋಮಾಳ ಐತ್ರಿ, ನಿಮ್ಮ ಕುರಿ ಮೇಯ್ತಾವ" ಎನ್ನುತ್ತಾರೆ. ಗೋಮಾಳ ಊರ ಜಾನುವಾರುಗಳದು. ಊರಿನ ನೂರು ದನಕ್ಕೆ 12 ಹೆಕ್ಟೇರ್, ಅಂದರೆ 30 ಎಕರೆಯಷ್ಟು ಬಿಡಬೇಕೆಂಬುದು ನಿಯಮ. ಅಷ್ಟೂ ಉಳಿಯದ ಊರುಗಳು ಎಷ್ಟೋ. ಹೊಸದಾಗಿ ಬಂದವರ ನೂರು ಕುರಿ ಅದರ ಮೇಲೆ ಬಿದ್ದರೆ ಊರವರು ಒಪ್ಪುತ್ತಾರೆಯೇ? ನೀವೇ ಹೇಳಿ.

"ಕೊಳ್ಳುವುದು ಬೇಡ, ಐದು ವರ್ಷಕ್ಕೆ ಗುತ್ತಿಗೆ ಬರೆಸಿಕೊಳ್ಳೋಣ" ಎಂದರೆ ಅದಕ್ಕೂ ತೊಡಕಿದೆ. ಉಳುವವನೇ ಹೊಲದೊಡೆಯ ಎಂದ 1974ರ ಭೂ ಸುಧಾರಣೆಯಿಂದ, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದು ನಿಷಿದ್ಧ. ಬಾಯಿಮಾತಿನ ಗುತ್ತಿಗೆ ಊರೂರಲ್ಲಿ ನಡೆಯುತ್ತದೆ, ನಿಜ. ಆದರೆ ಅದನ್ನು ನಂಬಿ ಲಕ್ಷಗಟ್ಟಲೆ ಶೆಡ್ಡು ಕಟ್ಟಿದರೆ ಕೇಳುವವರಿಲ್ಲ.

ಇನ್ನು ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಕೊಂಡರೆ ಕೊಂಡ ಹಾಗಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರ ಒಂದೇ ಕ್ರಯಪತ್ರ.

ಆ ಮನೆಯ ಹೆಣ್ಣುಮಕ್ಕಳ ಸಹಿ, ಈ ಮನೆಯ ನಿಮ್ಮ ಸಹಿ

ಮಾರುವ ಮನೆಯಲ್ಲಿ ಅಕ್ಕತಂಗಿಯರಿದ್ದಾರೆಯೇ ಎಂದು ಕೇಳಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. "ಅವರಿಗೆ ಮದುವೆ ಮಾಡಿ ಕೊಟ್ಟೀವ್ರಿ, ಅವರದೇನಿಲ್ಲ" ಎಂಬ ಮಾತು ನಂಬಿ ಕೊಂಡವರು ಆಮೇಲೆ ಕೋರ್ಟಿಗೆ ಅಲೆಯುತ್ತಾರೆ. ಇದು ಬರೀ ಕಾನೂನಿನ ಮಾತೂ ಅಲ್ಲ. ನಮ್ಮ ತವರಿನ ಆಸ್ತಿ ಮಾರುವಾಗ ನಮ್ಮನ್ನು ಕೇಳದಿದ್ದರೆ ನಮಗೆ ಹೇಗಾಗುತ್ತದೆ? ಆ ಹೊಲದ ಒಡತಿಯ ಬಳಿ ಒಂದು ಗಳಿಗೆ ಕೂತು "ಮಾರಲಿಕ್ಕೆ ನಿಮಗೂ ಮನಸ್ಸಿದೆಯಾ ತಾಯಿ?" ಎಂದು ಕೇಳಿ. ಸಾಲಕ್ಕೆ ಸಿಕ್ಕಿ, ಅಳುತ್ತಾ ಕೊಟ್ಟ ಹೊಲದಲ್ಲಿ ಕಟ್ಟಿದ ರೊಪ್ಪಕ್ಕೆ ಊರಿನ ಬೆಂಬಲ ಇರುವುದಿಲ್ಲ.

ಈಗ ನಿಮ್ಮ ಒಡವೆಯ ಮಾತು. ಮದುವೆಯಲ್ಲಿ, ತವರಿನಿಂದ ನಿಮಗೆ ಬಂದದ್ದು ಸ್ತ್ರೀಧನ. ಕೊಡುವುದೂ ಬಿಡುವುದೂ ನಿಮ್ಮ ಇಷ್ಟ. ಕೊಡುವುದಾದರೆ ಸಂತೋಷವಾಗಿ ಕೊಡಿ; ಆದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ, ಪಹಣಿಯಲ್ಲಿ ನಿಮ್ಮ ಹೆಸರು ಏರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಹೀಗೆ ನಿಮ್ಮ ಹೆಸರಿಗೆ ಬಂದದ್ದು ಪೂರ್ತಿ ನಿಮ್ಮದೇ. ಇದನ್ನು ಕೇಳಿದರೆ ಯಜಮಾನರ ಮೇಲೆ ಅಪನಂಬಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಬ್ಬರ ಹೆಸರಿಲ್ಲವೇ? ಹಾಗೆಯೇ ಇದೂ. ಮಕ್ಕಳ ಶಾಲೆ ಖರ್ಚಿಗೆ, ಆಸ್ಪತ್ರೆಗೆ ಎಂದು ಇಟ್ಟದ್ದನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಕುರಿಯ ಮಂದೆಗೆ ಒಂದು ರಾತ್ರಿ ಸಾಕು, ಹಾಳಾಗಲಿಕ್ಕೆ.

ಮೊದಲು ಪಾಲಿಗೆ ಬಿಟ್ಟು ನೋಡಿ

ಇಷ್ಟೆಲ್ಲ ಓದಿ "ಹಾಗಾದರೆ ಬೇಡವೇ ಬೇಡ" ಎಂದು ಪತ್ರಿಕೆ ಮಡಿಚಿಡಬೇಡಿ. ಹಳ್ಳಿಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಒಂದು ಹದವಾದ ದಾರಿ ಇದೆ. ಕೈಯಲ್ಲಿದ್ದ ಪುಡಿಗಾಸಿನಲ್ಲಿ ಒಂದೆರಡು ಹೆಣ್ಣು ಕುರಿಯನ್ನೋ ಮೇಕೆಯನ್ನೋ ಕೊಂಡು, ಮಂದೆ ಇರುವವರಿಗೆ ಪಾಲಿಗೆ ಬಿಡುತ್ತಾರೆ. ಮೇಯಿಸುವ ಶ್ರಮ ಅವರದು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಮಗಳ ಮದುವೆಗೆ, ಮನೆಯ ಹೆಂಚಿಗೆ ಹೀಗೆ ಹಣ ಕೂಡಿಸಿದ ತಾಯಂದಿರು ಎಷ್ಟು ಮಂದಿ!

ನೀವೂ ಹಾಗೆ ಮಾಡಬಹುದು. ಹೊಲ ಕೊಳ್ಳಬೇಕೆಂದಿರುವ ಊರಿನಲ್ಲೇ, ನಂಬಿಕೆಯ ಒಬ್ಬ ಕುರಿಗಾರರಿಗೆ ನಾಲ್ಕೈದು ಕುರಿ ಪಾಲಿಗೆ ಬಿಡಿ. ಒಂದು ವರ್ಷ, ಮೂರು ಕಾಲ, ತಿಂಗಳಿಗೊಮ್ಮೆ ಹೋಗಿ ಬನ್ನಿ. ಬೇಸಿಗೆಯಲ್ಲಿ ಆ ಮಂದೆ ಎಲ್ಲಿಗೆ ಹೋಗುತ್ತದೆ, ಎಷ್ಟು ಮರಿ ಉಳಿಯುತ್ತವೆ, ಯಾವ ಸಂತೆಯಲ್ಲಿ ಏನು ಬೆಲೆ, ನಿಮ್ಮ ಯಜಮಾನರಿಗೆ ಬಿಸಿಲು ಒಗ್ಗುತ್ತದೆಯೇ, ಎಲ್ಲವೂ ಐದು ಕುರಿಯ ಖರ್ಚಿನಲ್ಲಿ ತಿಳಿಯುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಭರತ ಹುಣ್ಣಿಮೆಯ ಹೊತ್ತಿಗೆ ಹೋಗಿ ಬನ್ನಿ. ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವನ್ನೂ ಕೇಳಿದ ಹಾಗಾಯಿತು, ಊರೂರುಗಳಿಂದ ಬಂದ ಕುರಿಗಾರ ಕುಟುಂಬಗಳ ಪರಿಚಯವೂ ಆಯಿತು. ತರಬೇತಿ ಬೇಕೆಂದರೆ ಬಳ್ಳಾರಿ ಬಳಿಯ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದವರನ್ನೂ ಕೇಳಬಹುದು.

ವರ್ಷ ಕಳೆದ ಮೇಲೂ ಉತ್ಸಾಹ ಉಳಿದಿದ್ದರೆ ಧೈರ್ಯವಾಗಿ ಹೊಲ ಕೊಳ್ಳಿ. ಕೊಂಡ ಮೇಲೆ ಬೇಲಿ ಹಾಕುವಾಗ ಕುರಿಗಾರರು ಹಾದುಹೋಗುವ ಹಳೆಯ ದಾರಿಯನ್ನು ಮುಚ್ಚಬೇಡಿ. ಸುಗ್ಗಿ ಆದ ಮೇಲೆ ಅವರ ಮಂದೆಯನ್ನು ನಿಮ್ಮ ಹೊಲದಲ್ಲಿ ತರುಬಲು ಕರೆಯಿರಿ. ಗೊಬ್ಬರವೂ ಬರುತ್ತದೆ, ನೆರೆಯೂ ಗಟ್ಟಿಯಾಗುತ್ತದೆ.

ಕತ್ತರಿಸಿ ಇಟ್ಟುಕೊಳ್ಳಿ

1. ಬೇಸಿಗೆಯಲ್ಲಿ ಹೊಲ ನೋಡಿದಿರಾ? ಮೋಟಾರು ಎರಡು ತಾಸು ಓಡಿತೇ? ನೀರು ಪರೀಕ್ಷೆ ಆಯಿತೇ?

2. ನಕ್ಷೆಯಲ್ಲಿ ದಾರಿ ಇದೆಯೇ?

3. ರಾತ್ರಿ ರೊಪ್ಪದ ಬಳಿ ಮಲಗುವವರ ಹೆಸರೇನು? ಅವರು ಊರಿಗೆ ಹೋದ ದಿನ ಯಾರು?

4. ಪಹಣಿ, ಮ್ಯುಟೇಶನ್, ಮೂವತ್ತು ವರ್ಷದ ಋಣಭಾರ ಪತ್ರ, 11ಇ ನಕ್ಷೆ, ಹದ್ದುಬಸ್ತು ಎಲ್ಲ ಕೈಗೆ ಬಂತೇ? ನಿಮ್ಮದೇ ವಕೀಲರು ಓದಿದರೇ? (ಮಾರುವವರ ವಕೀಲರಲ್ಲ.)

5. ಮಂಜೂರಾದ ಜಮೀನೇ? ಯಾರಿಗೆ, ಯಾವಾಗ ಮಂಜೂರಾದದ್ದು?

6. ಮಾರುವ ಮನೆಯ ಹೆಣ್ಣುಮಕ್ಕಳೆಲ್ಲ ಸಹಿ ಹಾಕುತ್ತಾರೆಯೇ?

7. ಎರಡು ವರ್ಷ ಆದಾಯವಿಲ್ಲದೆ ಮನೆ ನಡೆಸುವ ಹಣ ಬೇರೆ ಇಟ್ಟಿದ್ದೀರಾ?

8. ಕ್ರಯಪತ್ರದಲ್ಲಿ ನಿಮ್ಮ ಹೆಸರು ಇದೆಯೇ?

ಎಂಟಕ್ಕೂ ಹೌದೆನ್ನುವ ಉತ್ತರ ಸಿಕ್ಕ ದಿನ, ದೇವರ ಮುಂದೆ ದೀಪ ಹಚ್ಚಿ ಮುಂಗಡ ಕೊಡಿ. ಅಲ್ಲಿಯವರೆಗೆ ಮೊಬೈಲಿನ ಹಸಿರು ಚಿತ್ರ ಮೊಬೈಲಿನಲ್ಲೇ ಇರಲಿ, ನಿಮ್ಮ ಬಳೆ ನಿಮ್ಮ ಕೈಯಲ್ಲೇ ಇರಲಿ.